ನನ್ನ ಫೋನಿನಲ್ಲಿದ್ದದ್ದು ನನ್ನ ಗುಟ್ಟಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಒಂದು ಪತ್ರ ಓದಿದೆ. ಕಂಪನಿಗಳು ನಮ್ಮನ್ನು ನೋಡುತ್ತವೆ ಅಂತ ಹೆದರಿ ಫೋನು, ಲ್ಯಾಪ್‌ಟಾಪ್ ಬದಲಾಯಿಸುವುದು ಬೆಂಗಳೂರಿನ ಸಾಫ್ಟ್‌ವೇರ್ ಜನರ ಶೋಕಿ, ನಮ್ಮಂಥ ಊರಿನವರ ಹತ್ತಿರ ಬಚ್ಚಿಡುವಂಥದ್ದು ಏನಿದೆ ಎಂದು ಅದರಲ್ಲಿತ್ತು. ಎರಡು ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಯಾಕೆಂದರೆ ನಾನು ಬದಲಾಯಿಸಿದ್ದೇನೆ. ಯಾಕೆ ಬದಲಾಯಿಸಿದೆ ಅಂತ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ಸಕಲೇಶಪುರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 17 ವರ್ಷದಿಂದ ನಡೆಸುತ್ತಿದ್ದೇನೆ. ತಾಲ್ಲೂಕು ಕಚೇರಿ, ಕೋರ್ಟು, ಬ್ಯಾಂಕು ಅಂತ ಬರುವವರೇ ನನ್ನ ಗಿರಾಕಿಗಳು. ಹೆತ್ತೂರು, ಯಸಳೂರು, ಹಾನಬಾಳು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು, ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗುವ ಜನ. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಹಣಿ, ಪಾಸ್‌ಬುಕ್ಕು, ಜಾತಿ ಆದಾಯ ಪ್ರಮಾಣಪತ್ರ. ಕೆಲವರ ಕವರಿನಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿ. ಇನ್ನು ಕೆಲವರದ್ದರಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಕೋರ್ಟಿನ ನೋಟಿಸು. ಯಾರ ಮನೆಯಲ್ಲಿ ಏನು ನಡೆದಿದೆ ಅನ್ನುವುದು ಅವರ ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನೋಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳದಿದ್ದರೆ ಈ ಕಸುಬು ಮಾಡೋಕೇ ಆಗುವುದಿಲ್ಲ.

ಮೊದಲೆಲ್ಲ ಕಾಗದವನ್ನು ಗಾಜಿನ ಮೇಲೆ ಮಗುಚಿ ಇಡುತ್ತಿದ್ದೆ. ಬೆಳಕು ಹಾದುಹೋಗುತ್ತಿತ್ತು, ಪ್ರತಿ ಹೊರಗೆ ಬರುತ್ತಿತ್ತು. ಎರಡನ್ನೂ ಗಿರಾಕಿಯ ಕೈಗೆ ಕೊಟ್ಟರೆ ಮುಗಿಯಿತು. ಈಗ ಕಾಗದವೇ ಬರುವುದಿಲ್ಲ. "ಅಕ್ಕಾ, ಫೋಟೋ ಕಳಿಸ್ತೀನಿ, ಪ್ರಿಂಟ್ ಕೊಡಿ" ಅನ್ನುತ್ತಾರೆ. ಫೋಟೋ ನನ್ನ ಫೋನಿಗೆ ಬರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ. ಪ್ರಿಂಟ್ ಅವರ ಕೈಗೆ ಹೋಗುತ್ತದೆ. ಫೋಟೋ ನನ್ನ ಹತ್ತಿರವೇ ಉಳಿಯುತ್ತದೆ.

ಎರಡು ವರ್ಷದ ಹಿಂದೆ, ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗಾಗಿದ್ದ ದಿನಗಳಲ್ಲಿ, ಒಬ್ಬ ಹೆಣ್ಣುಮಗಳು ಬಂದಿದ್ದಳು. ಊರು ಹೇಳುವುದಿಲ್ಲ. ಗಂಡ ತೀರಿಹೋಗಿ ಒಂದು ತಿಂಗಳಾಗಿತ್ತು. ವಿಧವಾ ವೇತನಕ್ಕೆ ಅರ್ಜಿ ಹಾಕಬೇಕಿತ್ತು. ಗಂಡನ ಆಧಾರ್, ಮರಣ ಪ್ರಮಾಣಪತ್ರ, ಆಸ್ಪತ್ರೆಯ ಕಾಗದ ಎಲ್ಲವನ್ನೂ ಅವಳ ತಮ್ಮ ಫೋಟೋ ಹೊಡೆದು ನನ್ನ ಫೋನಿಗೆ ಕಳಿಸಿದ. ಆಸ್ಪತ್ರೆಯ ಕಾಗದ ಈ ಅರ್ಜಿಗೆ ಬೇಕಾಗಿಯೂ ಇರಲಿಲ್ಲ. ಗೊತ್ತಿಲ್ಲದೆ ಕಳಿಸಿದ್ದ. "ಅಕ್ಕಾ, ಅದೊಂದು ಯಾರ ಕಣ್ಣಿಗೂ ಬೀಳದ ಹಾಗೆ ನೋಡ್ಕೊಳ್ಳಿ" ಅಂದಳು. ಗಂಡನ ಕಾಯಿಲೆಯ ಹೆಸರನ್ನು ಅವಳು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. "ನಾನ್ಯಾಕೆ ತೋರಿಸಲಿ ತಾಯಿ" ಅಂದೆ. ಪ್ರಿಂಟ್ ಕೊಟ್ಟು ಕಳಿಸಿದೆ. ಆ ಫೋಟೋ ಅಳಿಸಬೇಕು ಅನ್ನುವುದು ನನಗೆ ಹೊಳೆಯಲಿಲ್ಲ.

ಮುಂದಿನ ವರ್ಷ ಅದೇ ಹೊತ್ತಿಗೆ, ಒಂದು ಭಾನುವಾರ ಸಂಜೆ, ಮನೆಗೆ ನೆಂಟರು ಬಂದಿದ್ದರು. ಕಾಫಿ, ಕೋಡುಬಳೆ ಕೊಟ್ಟು ಮಾತಾಡುತ್ತಾ ಕೂತಿದ್ದೆವು. ಟಿವಿ ಹಾಗೇ ಆನ್ ಆಗಿತ್ತು. ಅದಕ್ಕೆ ನನ್ನ ಫೋನಿನ ಖಾತೆಯನ್ನೇ ಮಗಳು ಹಾಕಿಕೊಟ್ಟಿದ್ದಳು. ಯಾರೂ ಏನೂ ನೋಡದೆ ಬಿಟ್ಟರೆ ಅದು ನಮ್ಮ ಹಳೆಯ ಫೋಟೋಗಳನ್ನು ತಾನೇ ಆರಿಸಿ ಒಂದಾದ ಮೇಲೆ ಒಂದು ತೋರಿಸುತ್ತದೆ. ಮೊದಲು ತೋಟದ ಹೂವು ಬಂತು. ಆಮೇಲೆ ಮಗಳು ಕೇಕ್ ಕತ್ತರಿಸುತ್ತಿರುವುದು. ಆಮೇಲೆ ಆ ಕಾಗದ. ಗೋಡೆಯಗಲದ ಪರದೆಯ ಮೇಲೆ, ಆಸ್ಪತ್ರೆಯ ಮೊಹರಿನ ಸಮೇತ, ಹೆಸರು, ವಯಸ್ಸು, ಊರು, ಕೆಳಗೆ ಕಾಯಿಲೆಯ ಹೆಸರು. ನಾನು ರಿಮೋಟ್ ಹುಡುಕುವಷ್ಟರಲ್ಲಿ ಬಂದಿದ್ದ ನೆಂಟರೊಬ್ಬರು ಅದನ್ನು ಪೂರ್ತಿ ಓದಿಯಾಗಿತ್ತು. "ಇದು ನಮ್ಮ ಪಕ್ಕದ ಮನೆಯವನದ್ದಲ್ವಾ?" ಅಂದರು.

ಹದಿನೈದು ದಿನಕ್ಕೆ ಆ ಹೆಣ್ಣುಮಗಳು ಅಂಗಡಿಗೆ ಬಂದಳು. ಜಗಳ ಮಾಡಲಿಲ್ಲ. "ನಿಮ್ಮನ್ನ ನಂಬಿ ಕೊಟ್ಟಿದ್ದೆ ಅಕ್ಕಾ" ಅಂದಳು. ಮುಂದೆ ಏನೂ ಹೇಳದೆ ಹೋದಳು. ನಾನು ಬಾಯಿ ಬಿಟ್ಟಿರಲಿಲ್ಲ. ನನ್ನ ಫೋನು ಬಿಟ್ಟಿತ್ತು. ಅವಳಿಗೆ ಅದನ್ನು ಹೇಗೆ ವಿವರಿಸಲಿ? ವಿವರಿಸಿದರೂ ಏನಾಗುತ್ತದೆ?

ಅವತ್ತು ರಾತ್ರಿ ಅಂಗಡಿಯ ಕಂಪ್ಯೂಟರು ತೆಗೆದು ಕೂತೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 11,000ಕ್ಕೂ ಜಾಸ್ತಿ ಫೈಲುಗಳಿದ್ದವು. ತೆರೆದ ಹತ್ತರಲ್ಲಿ ಎಂಟು ಬೇರೆಯವರ ಕಾಗದ. ಫೋನಿನ ಗ್ಯಾಲರಿಯಲ್ಲೂ ಅದೇ ಕಥೆ. ಅಲ್ಲಿಂದ ಅವೆಲ್ಲ ಕ್ಲೌಡ್ ಅಂತಾರಲ್ಲ, ಕಂಪನಿಯವರ ಆ ಮೋಡಕ್ಕೋ ಎಲ್ಲಿಗೋ ಹೋಗಿ ಕೂತಿದ್ದವು. ಫೋನು ಹೊಸದಾಗಿ ತಂದ ದಿನ "ಬ್ಯಾಕಪ್ ಮಾಡಲೇ?" ಅಂತ ಕೇಳಿದ್ದಕ್ಕೆ ನಾನೇ ಹೂಂ ಅಂದಿದ್ದೆ. ಆ ಹೂಂ ನನ್ನ ಮಗಳ ಫೋಟೋಗಳಿಗೆ ಹೇಳಿದ್ದು. ಊರಿನವರ ಆಧಾರ್ ಕಾರ್ಡಿಗೆ ಹೂಂ ಅನ್ನಲು ನಾನ್ಯಾರು?

ಅದಕ್ಕೇ ಆ ಪತ್ರ ಬರೆದವರಿಗೆ ನನ್ನ ಉತ್ತರ ಇದು: ಬಚ್ಚಿಡಲು ನನ್ನ ಹತ್ತಿರ ಏನೂ ಇಲ್ಲದೆ ಇರಬಹುದು. ಆದರೆ ನನ್ನ ಫೋನಿನಲ್ಲಿ ಇರುವುದು ನನ್ನದೊಂದೇ ವಿಷಯವಲ್ಲ. ನಿಮ್ಮ ಫೋನಿನಲ್ಲೂ ಅಷ್ಟೇ. ಅಕ್ಕತಂಗಿಯರ ನಂಬರು, ಪಕ್ಕದ ಮನೆ ಮಗುವಿನ ಫೋಟೋ, ಕೂಲಿಯವರ ಬ್ಯಾಂಕ್ ಖಾತೆಯ ನಂಬರು ಅದರಲ್ಲಿವೆ. ಸಾಲ ಕೊಡುವ ಆಪ್‌ಗಳು ಏನು ಮಾಡಿದವು ನೆನಪಿದೆಯಲ್ಲ? ಸಾಲ ತೆಗೆದವನೊಬ್ಬ, ಬೈಗುಳದ ಕರೆ ಹೋಗಿದ್ದು ಅವನ ಫೋನಿನಲ್ಲಿ ಹೆಸರಿದ್ದ ಎಲ್ಲರಿಗೂ. ಆಮೇಲೆ 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಸಾಲದ ಆಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ, ಕರೆಗಳ ವಿವರ ಮುಟ್ಟಬಾರದು ಅಂತ ನಿಯಮ ಮಾಡಬೇಕಾಯಿತು.

ಇನ್ನೊಂದು ನೆನಪು ಮಾಡುತ್ತೇನೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ ಒಂದು ಸೂಚನೆ ಬಂದಿತ್ತು. ಆಧಾರ್ ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಅಳಿಸಿ ಅಂತ. ನನ್ನಂಥ ಅಂಗಡಿಯವರನ್ನು ಎದುರು ಕೂರಿಸಿಕೊಂಡು ಹೇಳಿದ ಹಾಗೆ ಇತ್ತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು, ಜನ ತಪ್ಪು ತಿಳಿಯಬಹುದು ಅಂತ. ನನ್ನ ಕೇಳಿದರೆ ಆ ಸೂಚನೆ ಸರಿಯಾಗಿಯೇ ಇತ್ತು. ಮರುವರ್ಷವೇ, ಜಮೀನಿನ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಆಧಾರ್ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ವರದಿಯಾದವು. ಮಾಸ್ಕ್ಡ್ ಆಧಾರ್ ಈಗಲೂ ಸಿಗುತ್ತದೆ. ಕೇಳುವವರೇ ಇಲ್ಲ.

ಯಂತ್ರ ಬದಲಾಯಿಸಿದ ಕಥೆಗೆ ಬರುತ್ತೇನೆ.

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸುರಕ್ಷತೆಯ ಅಪ್‌ಡೇಟು ನಿಂತಿತು. ಇನ್ನೊಂದು ವರ್ಷ ಕೊಡುವ ವ್ಯವಸ್ಥೆ ಮಾಡಿದ್ದರು, ಅದಕ್ಕೆ ಆ ಕಂಪನಿಯಲ್ಲಿ ಖಾತೆ ತೆರೆಯಬೇಕು. ವಿಂಡೋಸ್ 11 ಹಾಕೋಣ ಅಂದರೆ ನನ್ನ ಯಂತ್ರ ಹಳೆಯದು. ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕಂತೆ, ಪ್ರೊಸೆಸರ್ ಹೊಸದಿರಬೇಕಂತೆ. ರಿಪೇರಿಯವರು "ಹೊಸದು ತಗೊಂಬಿಡಿ ಮೇಡಂ" ಅಂದರು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಯಾಕೆ ಎಸೆಯಬೇಕು?

ಇನ್ನೂ ಒಂದು ವಿಷಯ ನನ್ನನ್ನು ತಡೆಯಿತು. 2024ರ ಮೇ ತಿಂಗಳಲ್ಲಿ ಅದೇ ಕಂಪನಿ ರೀಕಾಲ್ ಅನ್ನುವ ಸೌಲಭ್ಯ ತರುತ್ತೇವೆ ಅಂದಿತು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ, ಪರದೆಯ ಮೇಲೆ ಕಾಣುವುದನ್ನೆಲ್ಲ ಕೆಲವು ಸೆಕೆಂಡಿಗೊಮ್ಮೆ ಚಿತ್ರ ತೆಗೆದು ಇಟ್ಟುಕೊಳ್ಳುವುದು, ಆಮೇಲೆ ಬೇಕಾದಾಗ ಹುಡುಕಿ ಕೊಡುವುದು. ತಿಳಿದವರು ಗಲಾಟೆ ಮಾಡಿದ ಮೇಲೆ ಮುಂದಕ್ಕೆ ಹಾಕಿದರು. ನಾವಾಗಿ ಆನ್ ಮಾಡಿದರೆ ಮಾತ್ರ ನಡೆಯುವ ಹಾಗೆ ಬದಲಾಯಿಸಿದರು. ಚಿತ್ರಗಳು ಆ ಯಂತ್ರದೊಳಗೇ ಇರುತ್ತವೆ ಅಂತಲೂ ಹೇಳಿದರು. ಇರಲಿ. ಒಂದು ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಅವರವರ ವಿಚಾರ. ನನ್ನ ಅಂಗಡಿಯ ಪರದೆಯ ಮೇಲೆ ದಿನಕ್ಕೆ 60–70 ಜನರ ಕಾಗದ ಹಾದುಹೋಗುತ್ತದೆ. ಅದರ ಚಿತ್ರ ತೆಗೆಯುವ ಯೋಚನೆಯೇ ನನಗೆ ಬೇಡವಾಯಿತು.

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. "ಚಿಕ್ಕಮ್ಮಾ, ಲಿನಕ್ಸ್ ಹಾಕಿ ನೋಡೋಣ್ವಾ?" ಅಂದ. ಲಿನಕ್ಸ್ ಅಂದರೆ ವಿಂಡೋಸ್ ಹಾಗೆಯೇ ಕಂಪ್ಯೂಟರ್ ನಡೆಸುವ ತಂತ್ರಾಂಶ, ಹೊಸದೇನಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಓದಿ ತಪ್ಪು ಹಿಡಿಯಬಹುದು. ಅದರಲ್ಲೇ ನೂರಾರು ಬಗೆ ಇವೆ. ನಾವು ಹಾಕಿದ್ದು ಲಿನಕ್ಸ್ ಮಿಂಟ್. ದುಡ್ಡಿಲ್ಲ. ಖಾತೆ ತೆರೆಯಿರಿ ಅನ್ನುವುದಿಲ್ಲ, ಇಮೇಲ್ ಕೇಳುವುದಿಲ್ಲ. 4 ಜಿಬಿ ರ್‍ಯಾಮ್ ಇದ್ದರೆ ಸಾಕು.

ನನಗೆ ಧೈರ್ಯ ಬಂದಿದ್ದು ಒಂದು ಕಾರಣಕ್ಕೆ. ಅದನ್ನು ಕಂಪ್ಯೂಟರಿಗೆ ಹಾಕದೆಯೇ ನೋಡಬಹುದು. ಒಂದು ಪೆನ್‌ಡ್ರೈವಿನಲ್ಲಿ ಇಳಿಸಿ, ಕಂಪ್ಯೂಟರ್ ಆನ್ ಆಗುವಾಗ ಆ ಪೆನ್‌ಡ್ರೈವಿನಿಂದ ಶುರು ಮಾಡಿದರೆ ಮಿಂಟ್ ತೆರೆದುಕೊಳ್ಳುತ್ತದೆ. ನಮ್ಮ ಹಳೆಯದು ಹಾಗೇ ಇರುತ್ತದೆ. ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲದ ಹಾಗೆ ವಾಪಸ್. ಮೂರು ದಿನ ಹೀಗೇ ನೋಡಿದೆ. ವೈಫೈ ಬಂತು, ಸ್ಕ್ಯಾನರ್ ಬಂತು. ಒಂದು ಹಳೆಯ ಪ್ರಿಂಟರ್ ಮಾತ್ರ ಬಗ್ಗಲೇ ಇಲ್ಲ. ಅದರ ಡ್ರೈವರ್ ಹುಡುಕುವುದರಲ್ಲೇ ಹುಡುಗನ ಅರ್ಧ ರಜೆ ಹೋಯಿತು. ಪೂರ್ತಿ ಹಾಕುವಾಗ "ಡಿಸ್ಕಿಗೆ ಬೀಗ ಹಾಕಲೇ?" ಅಂತ ಅದೇ ಕೇಳಿತು. ಹಾಕಿಸಿದೆ. ನಾಳೆ ಯಾರಾದರೂ ಯಂತ್ರ ಕದ್ದೊಯ್ದರೂ ಪಾಸ್‌ವರ್ಡ್ ಇಲ್ಲದೆ ಒಳಗಿನದ್ದು ಓದಲು ಆಗುವುದಿಲ್ಲ. ಪಾಸ್‌ವರ್ಡ್ ಮರೆತರೆ ನನಗೂ ಸಿಗುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ನನ್ನ ದೊಡ್ಡ ಭಯ ಇದ್ದದ್ದು ಕನ್ನಡದ ಬಗ್ಗೆ. 17 ವರ್ಷ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕೈ ಇದು. ಒತ್ತಕ್ಷರ ಬೇಕು ಅಂದರೆ ಬೆರಳು ತಾನಾಗಿ ಎಫ್ ಮೇಲೆ ಹೋಗುತ್ತದೆ. ಲಿನಕ್ಸಿನಲ್ಲಿ ಕೀಬೋರ್ಡ್ ಪಟ್ಟಿ ತೆಗೆದು ನೋಡಿದರೆ ಕನ್ನಡದ ಕೆಳಗೆ "ಕಗಪ" ಅಂತ ಒಂದಿತ್ತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳು. ಕೆ.ಪಿ. ರಾಯರು ರೂಪಿಸಿದ ನಮ್ಮ ಅದೇ ವಿನ್ಯಾಸ. ಆರಿಸಿಕೊಂಡು "ಸಕಲೇಶಪುರ" ಅಂತ ಟೈಪ್ ಮಾಡಿದೆ. ಬಂತು. "ಹೆತ್ತೂರು" ಅಂತ ಟೈಪ್ ಮಾಡಿದೆ. ತ ಒತ್ತು ಸರಿಯಾಗಿ ಕೂತಿತು. ನವಿಲು, ಗುಬ್ಬಿ ಅನ್ನುವ ಕನ್ನಡ ಫಾಂಟುಗಳೂ ಲಿನಕ್ಸಿಗೆ ಬಿಟ್ಟಿಯಾಗಿ ಸಿಗುತ್ತವೆ. ಆ ಹೆಸರು ನೋಡಿಯೇ ಖುಷಿಯಾಯಿತು.

ಆದರೆ ಹಳೆಯ ಫೈಲುಗಳು ತೊಂದರೆ ಕೊಟ್ಟವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆಲ್ಲ ಒಳಗೆ ಕನ್ನಡವಾಗಿ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಅಂಗಿ ತೊಡಿಸಿಟ್ಟಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅಂಗಿ ಕಳಚಿ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ಬೇಕಾದ 40 ಫೈಲುಗಳನ್ನು ಬದಲಾಯಿಸಿಕೊಂಡೆ, ಉಳಿದದ್ದು ಬಿಟ್ಟೆ. ಮದುವೆ ಕಾರ್ಡಿನ ಡಿಸೈನುಗಳೆಲ್ಲ ಕೋರಲ್ ಡ್ರಾ ಅನ್ನುವ ವಿಂಡೋಸ್ ತಂತ್ರಾಂಶದಲ್ಲಿವೆ. ಅವಕ್ಕಾಗಿ ಹಳೆಯ ವಿಂಡೋಸ್ ಯಂತ್ರ ಒಂದನ್ನು ಉಳಿಸಿಕೊಂಡಿದ್ದೇನೆ. ಅದರ ಇಂಟರ್ನೆಟ್ ತಂತಿ ಕಿತ್ತು ಹಾಕಿದ್ದೇನೆ. ಗಣಪತಿ, ಬಾಳೆಕಂಬ, ವಧೂವರರ ಹೆಸರು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ.

ಮನೆಗೊಂದು ಲ್ಯಾಪ್‌ಟಾಪ್ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಫೀಸಿನವರು ಬಳಸಿ ಬಿಟ್ಟ ಹಳೆಯ ಥಿಂಕ್‌ಪ್ಯಾಡ್ ಒಂದನ್ನು 14,000 ರೂಪಾಯಿಗೆ ತಂದೆವು. ಅದಕ್ಕೂ ಮಿಂಟ್. ಮಗಳು ಕಾಲೇಜಿನ ಕೆಲಸವನ್ನೆಲ್ಲ ಲಿಬ್ರೆ ಆಫೀಸ್ ಅನ್ನುವ ಬಿಟ್ಟಿ ತಂತ್ರಾಂಶದಲ್ಲೇ ಮಾಡುತ್ತಾಳೆ.

ಫೋನಿನದು ಇಷ್ಟು ಸುಲಭವಿರಲಿಲ್ಲ. ಫೋನು ನಡೆಸುವ ಆಂಡ್ರಾಯ್ಡಿನ ಒಳಗಿನ ಬರಹವೂ ತೆರೆದದ್ದೇ. ಅದರ ಮೇಲೆ ಗೂಗಲ್ಲಿನ ಸೇವೆಗಳಿಲ್ಲದೆ ಕಟ್ಟಿದ ಬೇರೆ ವ್ಯವಸ್ಥೆಗಳಿವೆ. ಗ್ರಾಫೀನ್ ಓಎಸ್ ತುಂಬ ಗಟ್ಟಿ ಅಂತಾರೆ, ಆದರೆ ಅದು ನಡೆಯುವುದು ಗೂಗಲ್ಲಿನದೇ ಪಿಕ್ಸೆಲ್ ಫೋನಿನಲ್ಲಿ. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಮನೆಯಲ್ಲಿ ಬಿದ್ದಿದ್ದ ಒಂದು ಹಳೆಯ ಫೋನಿಗೆ ಹುಡುಗ ಲೀನಿಯೇಜ್ ಓಎಸ್ ಅನ್ನುವ ಇನ್ನೊಂದನ್ನು ಹಾಕಿಕೊಟ್ಟ. ಹಾಕುವ ಮೊದಲು ಫೋನಿನ ಒಂದು ಬೀಗ ತೆಗೆಯಬೇಕು, ತೆಗೆದ ಕೂಡಲೇ ಅದರಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಎಲ್ಲ ಫೋನಿಗೂ ಬರುವುದಿಲ್ಲ. ನಡುವೆ ಹೆಜ್ಜೆ ತಪ್ಪಿದರೆ ಫೋನು ಏಳುವುದೇ ಇಲ್ಲ. ಹಾಗಾಗಿ ತಿಳಿದವರು ಪಕ್ಕದಲ್ಲಿ ಇಲ್ಲದೆ ಯಾರೂ ಕೈಹಾಕಬೇಡಿ.

ಅದು ಈಗ ಅಂಗಡಿಯ ಫೋನು. ಆಪ್‌ಗಳು ಎಫ್-ಡ್ರಾಯ್ಡ್ ಅನ್ನುವ ಕಡೆಯಿಂದ ಬರುತ್ತವೆ, ಎಲ್ಲವೂ ಒಳಗಿನ ಬರಹ ತೆರೆದಿರುವ ಮುಕ್ತ ತಂತ್ರಾಂಶ. ನಮ್ಮ ಬೆರಳು ಒತ್ತುವುದೆಲ್ಲ ಕೀಬೋರ್ಡ್ ಆಪಿನ ಮೂಲಕವೇ ಹೋಗುತ್ತದೆ ಅನ್ನುವುದು ನನಗೆ ಮೊದಲು ಹೊಳೆದೇ ಇರಲಿಲ್ಲ. ಇಂಡಿಕ್ ಕೀಬೋರ್ಡ್ ಅನ್ನುವುದರಲ್ಲಿ ಕನ್ನಡ ಇದೆ, ಅದನ್ನೇ ಹಾಕಿಕೊಂಡೆ.

ತೊಂದರೆ ಆಗಿದ್ದು ಬ್ಯಾಂಕಿನ ಆಪಿನಲ್ಲಿ. ತೆರೆದ ಕೂಡಲೇ ಈ ಫೋನು ಸುರಕ್ಷಿತವಲ್ಲ ಅಂತ ಹೇಳಿ ಮುಚ್ಚಿಕೊಂಡಿತು. ಯುಪಿಐ ಆಪೂ ಹಾಗೇ. ಇಂಥ ಆಪ್‌ಗಳು ಫೋನು ಕಂಪನಿ ಕೊಟ್ಟ ಹಾಗೇ ಇದೆಯಾ ಅಂತ ಗೂಗಲ್ಲಿನ ಒಂದು ಪರೀಕ್ಷೆಯನ್ನು ಕೇಳುತ್ತವೆ. ನಾವೇ ಬದಲಾಯಿಸಿದ ಫೋನು ಅದರಲ್ಲಿ ಫೇಲ್. ಐದಾರು ವರ್ಷದಿಂದ ಒಂದೂ ಅಪ್‌ಡೇಟ್ ಕಾಣದ ಹಳೆಯ ಫೋನು ಎಷ್ಟೋ ಸಲ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಮೊನ್ನೆ ಮೊನ್ನೆ ಅಪ್‌ಡೇಟ್ ಆದ ನನ್ನದು ಆಗುವುದಿಲ್ಲ. ಇದು ನ್ಯಾಯವಾ?

ಅಂಗಡಿಗೆ ಹಣ ಬರುವುದಕ್ಕೆ ಅಡ್ಡಿಯಾಗಲಿಲ್ಲ. ಕ್ಯೂಆರ್ ಚೀಟಿ ಗೋಡೆಯ ಮೇಲಿದೆ, ಬಂದ ಹಣವನ್ನು ಪೆಟ್ಟಿಗೆ ಕೂಗಿ ಹೇಳುತ್ತದೆ. ಕಳಿಸುವುದಕ್ಕೆ *99# ಇದೆ. ಸಾದಾ ಫೋನಿನಿಂದಲೂ ಡಯಲ್ ಮಾಡಬಹುದು, ಇಂಟರ್ನೆಟ್ ಬೇಡ, ಆಪ್ ಬೇಡ. ಒಂದು ಸಲಕ್ಕೆ 5,000 ರೂಪಾಯಿವರೆಗೆ. ಬಟನ್ ಫೋನಿನವರಿಗೆ ಅಂತ 2022ರಲ್ಲಿ ಯುಪಿಐ 123ಪೇ ಕೂಡ ಬಂದಿದೆ. ನಮ್ಮೂರಿನಲ್ಲಿ ಇವೆರಡರ ಹೆಸರು ಕೇಳಿದವರೇ ಕಡಿಮೆ. ಬ್ಯಾಂಕಿನ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿದರೆ ಏನು ಖರ್ಚಾಗುತ್ತದೆ?

ವಾಟ್ಸಾಪ್ ಬಿಟ್ಟಿರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಬಿಟ್ಟಿಲ್ಲ. ಬಿಡಲು ಆಗುವುದಿಲ್ಲ. ನಮಗೆ ಊರಾಚೆ ಎರಡೆಕರೆ ತೋಟವಿದೆ. ಕಾಡಾನೆ ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು ಅಂತ ಮೊದಲು ಗೊತ್ತಾಗುವುದು ಗ್ರೂಪಿನಲ್ಲಿ. ಬೆಳಿಗ್ಗೆ ಆರಕ್ಕೆ ನಮ್ಮ ಯಜಮಾನರು ಗೇಟು ತೆಗೆಯುವ ಮೊದಲು ಅದನ್ನು ನೋಡುತ್ತಾರೆ. ಕೆಲಸದವರಿಗೆ "ಇವತ್ತು ಕೆಳಗಿನ ತೋಟಕ್ಕೆ ಬೇಡ" ಅಂತ ಹೇಳುವುದು ಅದನ್ನು ನೋಡಿಯೇ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಯಾರನ್ನು ಕೇಳಿದರೂ ಇದೇ ಹೇಳುತ್ತಾರೆ. ಖಾಸಗಿತನದ ಹೆಸರಿನಲ್ಲಿ ಆ ಗ್ರೂಪ್ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಪ್ರಾಣ ಮೊದಲು.

ಹಾಗಾಗಿ ಮನೆಯಲ್ಲಿ ಏನೂ ಬದಲಾಯಿಸದ ಹಳೆಯ ಫೋನು ಇನ್ನೊಂದಿದೆ, ಅದರಲ್ಲಿ ಆನೆಯ ಗ್ರೂಪು, ಬ್ಯಾಂಕು. ವಾಟ್ಸಾಪಿನ ಸಂದೇಶಗಳಿಗೆ 2016ರಿಂದ ಬೀಗವಿದೆ, ಬರೆದದ್ದನ್ನು ಕಂಪನಿ ಓದಲು ಆಗುವುದಿಲ್ಲ, ಇದು ನಿಜ. ಆದರೆ ಯಾರು ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಅದಕ್ಕೆ ತಿಳಿಯುತ್ತದೆ. 2021ರಲ್ಲಿ ಅದು ಖಾಸಗಿತನದ ನಿಯಮ ಬದಲಾಯಿಸಿ, ಒಪ್ಪಿದರೆ ಒಪ್ಪಿ, ಇಲ್ಲದಿದ್ದರೆ ಬಿಡಿ ಅನ್ನುವ ಹಾಗೆ ಜನರ ಮುಂದಿಟ್ಟಿತ್ತು. ಅದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ವಾಟ್ಸಾಪಿನ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ನಮ್ಮ ಅಕ್ಕತಂಗಿಯರು ಮಾತ್ರ ಸಿಗ್ನಲ್ ಅನ್ನುವ ಇನ್ನೊಂದು ಸಂದೇಶದ ಆಪಿಗೆ ಬಂದಿದ್ದೇವೆ. ನಾಲ್ಕು ಜನರನ್ನು ತರಲು ನನಗೆ ಎಂಟು ತಿಂಗಳು ಬೇಕಾಯಿತು.

ಹೊಸ ಫೋನು, ಹೊಸ ಯಂತ್ರದ ಬಗ್ಗೆ ಇಷ್ಟು ಬರೆದೆ. ಆದರೆ ನನ್ನ ಅಂಗಡಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಬ್ಲೂಟೂತ್. ಎಷ್ಟು ಹಳೆಯದು ಅಲ್ವಾ? ಗಿರಾಕಿಯ ಫೋನಿನಿಂದ ನೇರ ಕಂಪ್ಯೂಟರಿಗೆ ಬರುತ್ತದೆ, ನಡುವೆ ಯಾರ ಮೋಡವೂ ಇಲ್ಲ. ಬಂದದ್ದು "ಇವತ್ತು" ಅನ್ನುವ ಫೋಲ್ಡರಿಗೆ ಬೀಳುತ್ತದೆ. ಐಫೋನಿನವರದ್ದು ಹೀಗೆ ಬರುವುದಿಲ್ಲ, ಅವರಿಗೆ ಒಂದೇ ವೈಫೈನಲ್ಲಿ ಕಳಿಸುವ ಲೋಕಲ್‌ಸೆಂಡ್ ಅನ್ನುವ ಆಪ್ ತೋರಿಸುತ್ತೇನೆ. ಸಂಜೆ ಬಾಗಿಲು ಹಾಕುವ ಮೊದಲು ಆ ಫೋಲ್ಡರು ಖಾಲಿ.

ಹೋದ ತಿಂಗಳು ಆ ಹೆಣ್ಣುಮಗಳು ಮತ್ತೆ ಬಂದಿದ್ದಳು. ಬ್ಯಾಂಕಿಗೆ ಏನೋ ಕೆವೈಸಿ ಕೊಡಬೇಕಿತ್ತು. ಬೇರೆ ಅಂಗಡಿಯಲ್ಲಿ ಉದ್ದ ಸಾಲು ಇತ್ತೋ ಏನೋ, ಬಂದು ಬಾಗಿಲಲ್ಲಿ ನಿಂತಳು. ಒಳಗೆ ಕರೆದು ನನ್ನ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಅವಳ ಫೋನಿನಿಂದ ಬ್ಲೂಟೂತಿನಲ್ಲಿ ತೆಗೆದುಕೊಂಡೆ. ಆಧಾರ್ ಪೂರ್ತಿ ಬೇಡ, ಮಾಸ್ಕ್ಡ್ ಸಾಕು ಅಂತ ಹೇಳಿ ಅದನ್ನೇ ಇಳಿಸಿಕೊಟ್ಟೆ. ಪ್ರಿಂಟ್ ಬಂದ ಮೇಲೆ ಮೌಸ್ ಅವಳ ಕೈಗೆ ಕೊಟ್ಟು "ನೀನೇ ಅಳಿಸು" ಅಂದೆ. ಅಳಿಸಿದಳು. ಕಸದ ಬುಟ್ಟಿಯಿಂದಲೂ ಅಳಿಸುವುದು ತೋರಿಸಿದೆ. ಅದನ್ನೂ ಮಾಡಿದಳು. ಹತ್ತು ರೂಪಾಯಿ ಇಟ್ಟಳು, ನಾನು ಬೇಡ ಅಂದರೂ ಇಟ್ಟೇ ಹೋದಳು. ಮಾತು ಜಾಸ್ತಿ ಆಡಲಿಲ್ಲ.

ಸಂಪಾದಕರೇ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಓಡಾಡಿದ್ದು ಸಾಫ್ಟ್‌ವೇರಿನವರ ಶೋಕಿಗೆ ಅಲ್ಲವಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯೂ ಬಂತು. ಆದರೆ ಹಕ್ಕು ಇದ್ದರೆ ಸಾಕಾ? ಅದನ್ನು ಬಳಸಲು ನನ್ನ ಕೈಯಲ್ಲಿರುವ ಯಂತ್ರವೂ ಅವಕಾಶ ಕೊಡಬೇಕು.

ಅದಕ್ಕೆ ಸರ್ಕಾರದವರಲ್ಲಿ, ಬ್ಯಾಂಕಿನವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಜನರಿಗೆ ಸಂಬಂಧಪಟ್ಟ ಯಾವ ಸೇವೆಯೂ ಒಂದೇ ಕಂಪನಿಯ ಫೋನು, ಒಂದೇ ಕಂಪನಿಯ ಕಂಪ್ಯೂಟರು ಇದ್ದರೆ ಮಾತ್ರ ಸಿಗುವ ಹಾಗೆ ಇರಬಾರದು. ಆಪಿನಲ್ಲಿ ಆಗುವುದು ಬ್ರೌಸರಿನಲ್ಲೂ ಆಗಬೇಕು. ಕಚೇರಿಗಳಿಂದ ಬರುವ ನಮೂನೆಗಳು ಯೂನಿಕೋಡಿನಲ್ಲಿ ಇರಲಿ, ಈಗಲೂ ಹಳೆಯ ಫಾಂಟಿನ ಫೈಲುಗಳು ನನ್ನ ಅಂಗಡಿಗೆ ಬರುತ್ತವೆ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುತ್ತಿರುವುದು ಲಿನಕ್ಸಿನಲ್ಲೇ. ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರ ಅನ್ನುವ ಗ್ರಂಥಾಲಯಗಳಲ್ಲಿ ಕಂಪ್ಯೂಟರುಗಳಿವೆ. ಅಲ್ಲಿ ಯಾಕೆ ಹಾಕಬಾರದು?

ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಕಸುಬಿನವರಿಗೂ ಒಂದು ಮಾತು. ದೊಡ್ಡ ಡಿಜಿಟಲ್ ಜೆರಾಕ್ಸ್ ಯಂತ್ರಗಳಲ್ಲೂ ಎಷ್ಟೋ ಸಲ ಹಾರ್ಡ್ ಡಿಸ್ಕ್ ಇರುತ್ತದೆ. ಪ್ರತಿ ತೆಗೆದದ್ದು ಅದರಲ್ಲಿ ಉಳಿಯಬಹುದು. ಯಂತ್ರ ಮಾರುವ ಮೊದಲು ಅದನ್ನು ಅಳಿಸಿ. ಇವತ್ತು ರಾತ್ರಿ ಬಾಗಿಲು ಹಾಕುವ ಮೊದಲು ನಿಮ್ಮ ಡೌನ್‌ಲೋಡ್ಸ್ ಫೋಲ್ಡರನ್ನು ಒಂದು ಸಲ ತೆಗೆದು ನೋಡಿ.

ಯಾರಿಗಾದರೂ ಲಿನಕ್ಸ್ ಹೇಗಿರುತ್ತದೆ ಅಂತ ನೋಡಬೇಕು ಅನ್ನಿಸಿದರೆ ಹಳೆಯ ಲ್ಯಾಪ್‌ಟಾಪ್, ಅದರ ಚಾರ್ಜರ್ ಎರಡನ್ನೂ ಹಿಡಿದುಕೊಂಡು ಬನ್ನಿ. ಪೆನ್‌ಡ್ರೈವ್ ನನ್ನ ಹತ್ತಿರ ಇದೆ. ದುಡ್ಡು ಬೇಡ. ಸಂತೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನ ಮಧ್ಯಾಹ್ನ ಮೂರರ ಮೇಲೆ ಬಂದರೆ ಕೂತು ನಿಧಾನವಾಗಿ ನೋಡಬಹುದು.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವಳು,
ಸಕಲೇಶಪುರ, ಹಾಸನ ಜಿಲ್ಲೆ